ಸಾವಂತ್ರವ್ವನ ಸೋಮವಾರ

ನಮ್ಮೂರಿನಲ್ಲಿ ಯಾರಿಗಾದರೂ ತಪ್ಪಾಗಿ ಶಿಕ್ಷೆಯಾಗಿತ್ತೆಂದು ಆಮೇಲೆ ಗೊತ್ತಾದರೆ ಅವರ ದಿನಗಳನ್ನು ವಾಪಸ್ ಕೊಡುತ್ತಾರೆ. ಊರಿನವರು ಮನೆಗಿಷ್ಟು ಎಂಬಂತೆ ತಾವು ಬದುಕಿದ ದಿನಗಳನ್ನು ಕೋರ್ಟಿನ ಜಗಲಿಗೆ ತಂದು, ಒಂದೊಂದನ್ನು ಒಂದೊಂದು ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ. ಗುಮಾಸ್ತ ಪಾಂಡುರಂಗರಾಯರು ಡಬ್ಬಿಯ ಮೇಲೆ ತಾರೀಖಿನ ಚೀಟಿ ಅಂಟಿಸುತ್ತಾರೆ. ಕೊಟ್ಟವರ ಹೆಸರು ಬರೆಯುವುದಿಲ್ಲ. ಕೊಟ್ಟ ದಿನ ಕೊಟ್ಟವರ ನೆನಪಿನಿಂದ ಹೋಗುತ್ತದೆ, ಡಬ್ಬಿ ತೆರೆದವರ ನೆನಪಿಗೆ ಸೇರುತ್ತದೆ. ನಾನು ಇಲ್ಲಿಯ ವಾರಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷದಿಂದ ವರದಿ ಬರೆಯುತ್ತೇನೆ, ಕರಡು ತಿದ್ದುತ್ತೇನೆ, ಕೊನೆಯ ಪುಟದ ಮೂಲೆಯಲ್ಲಿ ಬರುವ 'ನಮ್ಮ ತಪ್ಪು' ಎಂಬ ಅಂಕಣವನ್ನೂ ಬರೆಯುತ್ತೇನೆ. ಊರಿಗೆಲ್ಲ ನಾನು ಪೇಪರಕ್ಕ.

ಹೋದ ಮಾರ್ಚ್ ಹದಿಮೂರರ ಶುಕ್ರವಾರ ಕಲಾಯಿ ಕರಿಬಸಪ್ಪ ಜೈಲಿನಿಂದ ಹೊರಗೆ ಬಂದ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ಹತ್ತಿ ಗೋದಾಮಿಗೆ ಬೆಂಕಿ ಇಟ್ಟನೆಂದು ಅವನನ್ನು ಒಂಬತ್ತು ವರ್ಷ ಒಳಗಿಟ್ಟಿದ್ದರು. ಬೆಂಕಿ ಹತ್ತಿದ್ದು ಗೋದಾಮಿನ ಮಾಲೀಕರು ಗೋಡೆಯೊಳಗೆ ಎಳೆಸಿದ್ದ ಹಳೇ ವೈರಿನಿಂದ ಎಂದು ಗೋಡೆ ಒಡೆದಾಗ ಗೊತ್ತಾಯಿತು. ಅಧಿಕ ವರ್ಷದ ಎರಡು ದಿನ ಸೇರಿ ಊರು ಅವನಿಗೆ ಕೊಡಬೇಕಾದದ್ದು 3,287 ದಿನ. ಊರಿನಲ್ಲಿರುವುದು 1,096 ಮನೆ. ಮುಂದಿನ ಮೂರು ದಿನದಲ್ಲಿ ಮನೆಗೆ ಮೂರರಂತೆ ಕೂಡಿದಾಗ ಒಂದು ದಿನ ಹೆಚ್ಚಾಯಿತು. ಅದನ್ನು ಪಾಂಡುರಂಗರಾಯರೇ ಇಟ್ಟುಕೊಂಡರೆಂದು ಊರಿನ ಗುಮಾನಿ. ಅವರು ಒಪ್ಪಿಲ್ಲ, ಅಲ್ಲಗಳೆದೂ ಇಲ್ಲ.

ಕೊಡುವ ದಿನದಲ್ಲಿ ಒಮ್ಮೆಯಾದರೂ ನಕ್ಕಿರಬೇಕು ಎಂಬುದು ನಿಯಮ. ಜನ ಅದನ್ನು ಪಾಲಿಸುವುದು ಅಷ್ಟಕ್ಕಷ್ಟೆ. ಹಲ್ಲು ಕೀಳಿಸಿದ ದಿನ, ಬಸ್ಸು ತಪ್ಪಿದ ದಿನ, ಬೀಗರು ಬಂದು ಎದ್ದೇಳದ ದಿನ, ಇಂಥವನ್ನೇ ನಡುವೆ ತುರುಕುತ್ತಾರೆ. ಕರಿಬಸಪ್ಪ ದಿನಕ್ಕೆ ಹದಿನೈದು ಡಬ್ಬಿ ತೆರೆಯುತ್ತಿದ್ದ, ಬೆಳಿಗ್ಗೆ ಎಂಟು, ಸಂಜೆ ಏಳು. ಹೆಚ್ಚಾದರೆ ತಲೆ ಗಿಮ್ಮೆನ್ನುತ್ತದೆ ಎನ್ನುತ್ತಿದ್ದ. ಮೂರು ತಿಂಗಳಾಗುವಷ್ಟರಲ್ಲಿ ಅವನಿಗೆ ಈಜು ಬರುತ್ತಿತ್ತು, ಹಾರ್ಮೋನಿಯಂ ಅರ್ಧ ಬರುತ್ತಿತ್ತು, ಹನ್ನೊಂದು ಮದುವೆ ಆಗಿದ್ದವು, ಅದರಲ್ಲಿ ನಾಲ್ಕು ಸಲ ಅವನೇ ಮದುಮಗಳು. ಸಂತೆಯಲ್ಲಿ ಯಾವುದೋ ಮುದುಕನನ್ನು ಕಂಡು ಕಣ್ಣು ತುಂಬಿಕೊಂಡು, ಆಮೇಲೆ ತನ್ನಷ್ಟಕ್ಕೆ ನಕ್ಕು ಮುಂದೆ ಹೋಗುತ್ತಿದ್ದ. ಆ ಮುದುಕ ಯಾರದೋ ಡಬ್ಬಿಯಲ್ಲಿ ಅವನಿಗೆ ಅಪ್ಪನಾಗಿದ್ದಿರಬೇಕು. ಯಾರ ದಿನ ಎಂದು ನಾವು ಕೇಳುವಂತಿಲ್ಲ, ಅವನು ಹೇಳುವಂತಿಲ್ಲ. ಕೊಟ್ಟವರ ಹೆಸರು ಬಾಯಿಬಿಟ್ಟರೆ ತೆರೆಯದೆ ಉಳಿದ ಡಬ್ಬಿಗಳನ್ನೆಲ್ಲ ಕೋರ್ಟು ವಾಪಸ್ ತೆಗೆದುಕೊಳ್ಳುತ್ತದೆ. ಈ ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಾರೆ.

ದಿನ ಕೊಟ್ಟವರಿಗೆ ಏನೂ ಅನ್ನಿಸುವುದಿಲ್ಲ. ಹಲ್ಲು ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ಮೆಲ್ಲಗೆ ಜರುಗುವ ಹಾಗೆ ಹಿಂದಿನ ದಿನ, ಮುಂದಿನ ದಿನ ಸರಿದು ಖಾಲಿ ಜಾಗ ಮುಚ್ಚಿಹೋಗುತ್ತದೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ಯಾರೂ ಅದನ್ನು ಕೋರ್ಟಿನೊಳಗೆ ನೆನಪಿಸಿಕೊಳ್ಳಲಿಲ್ಲ. ಅದನ್ನೇ ನಾನು ಹೇಳಹೊರಟಿರುವುದು.

ಮೊದಲು ಕೋರ್ಟಿನ ಹಿಂದಿನ ಕೋಣೆಯ ಬಗ್ಗೆ ಹೇಳಬೇಕು. ಮೂವತ್ತೊಂದು ವರ್ಷದ ಹಿಂದೆ ಮಲಕಾಜಪ್ಪ ಎಂಬ ಗಾಡಿ ಹೊಡೆಯುವವನನ್ನು ಇಲ್ಲಿ ಗಲ್ಲಿಗೇರಿಸಿದರು. ಅವನಿಗೆ ಇಪ್ಪತ್ತಾರು ವರ್ಷ. ನಾಲ್ಕು ವರ್ಷದ ನಂತರ ಅವನು ತಪ್ಪು ಮಾಡಿರಲಿಲ್ಲ ಎಂದು ಸಾಬೀತಾಯಿತು. ನಿಯಮದಂತೆ ಊರು ದಿನಗಳನ್ನು ತಂದಿತು. ಎಷ್ಟು ತರಬೇಕೆಂದು ಯಾರಿಗೂ ತಿಳಿಯಲಿಲ್ಲ. ಅವನು ಅರವತ್ತರವರೆಗೆ ಇರುತ್ತಿದ್ದನೆಂದು ಹಿಡಿದು ಡಾಕ್ಟರು ಒಂದು ಸಂಖ್ಯೆ ಹೇಳಿದರು. ಡಬ್ಬಿಗಳು ತುಂಬಿದವು. ಅವನ ಹೆಂಡತಿ ಬಂದು ನೋಡಿ, "ಇವನ್ನ ತೆಗಿಯೋರು ಯಾರ್ರಿ?" ಎಂದು ಕೇಳಿದಳು. ಒಬ್ಬರ ಡಬ್ಬಿಯ ಮುಚ್ಚಳ ಇನ್ನೊಬ್ಬರ ಕೈಗೆ ಏಳುವುದಿಲ್ಲ. ಡಬ್ಬಿಗಳು ಹಿಂದಿನ ಕೋಣೆಯ ನೆಲದ ಮೇಲೆ ಹಾಗೇ ಇವೆ. ಹಬ್ಬದ ದಿನ ಆ ಕಿಟಕಿಯ ಹತ್ತಿರ ಹೋದರೆ ಬೇರೆ ಬೇರೆ ಮನೆಗಳ ಹೋಳಿಗೆಯ ವಾಸನೆ ಬರುತ್ತದೆ. ಊರು ಅದಾದ ಮೇಲೆ ಗಲ್ಲಿನ ಮರವನ್ನು ತೆಗೆಯಲಿಲ್ಲ, ಇನ್ನು ಮುಂದೆ ಜಾಗ್ರತೆಯಾಗಿರೋಣ ಎಂದಿತು. ಅಂದಿನಿಂದ ತೀರ್ಪುಗಳಲ್ಲಿ 'ಅತ್ಯಂತ ಜಾಗ್ರತೆಯಿಂದ ಪರಿಶೀಲಿಸಲಾಗಿ' ಎಂಬ ಸಾಲು ಇರುತ್ತದೆ.

ಇನ್ನು ಸುಣ್ಣದ ಭಟ್ಟಿಯ ವಿಷಯ. ಭಟ್ಟಿಯ ಮಾಲೀಕ ರಾಚೋಟಪ್ಪ ಮಾರ್ಚ್ ಒಂಬತ್ತರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟರು. ಮಧ್ಯಾಹ್ನ ನಾಲ್ಕಕ್ಕೆ ಭಟ್ಟಿಗೆ ಹೋದ ಆಳಿಗೆ ಅವರು ಸಿಗಲಿಲ್ಲ. ಇಪ್ಪತ್ತೆರಡು ದಿನದ ನಂತರ ಬಳಕೆಯಲ್ಲಿಲ್ಲದ ಒಂದು ಸುಣ್ಣದ ಗುಂಡಿಯಲ್ಲಿ ಹೆಣ ಸಿಕ್ಕಿತು, ತಲೆಗೆ ಭಾರವಾದ ವಸ್ತುವಿನ ಪೆಟ್ಟು. ಏಪ್ರಿಲ್ ಎರಡಕ್ಕೆ ಭಟ್ಟಿಯ ಕೆಲಸಗಾರ ಗುಳಪ್ಪನನ್ನು ಹಿಡಿದರು. ಹಿಂದಿನ ವಾರ ಅವನಿಗೂ ಮಾಲೀಕರಿಗೂ ಜಗಳವಾಗಿತ್ತು. ಸೋಮವಾರ ಜ್ವರ ಬಂದು ಗುಡಿಸಲಲ್ಲಿ ಒಬ್ಬನೇ ಮಲಗಿದ್ದೆ, ಮಂಗಳವಾರ ನನ್ನ ಹಾರೆ ತರಲು ಭಟ್ಟಿಗೆ ಹೋಗಿದ್ದೆ ಎಂದು ಅವನು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಮಾತು ಹೇಳಿದ.

ಭಟ್ಟಿಗೆ ಹೋಗುವ ಓಣಿಯ ಕೊನೆಯ ಮನೆ ಸಾವಂತ್ರವ್ವನದು. ಅರವತ್ತೆರಡರ ವಿಧವೆ, ಒಬ್ಬಳೇ ಇರುತ್ತಾಳೆ, ಸಂಡಿಗೆ ಮಾಡಿ ಮಾರುತ್ತಾಳೆ. ಸುಳ್ಳು ಹೇಳುವ ಹೆಂಗಸಲ್ಲ ಎಂದು ಅವಳನ್ನು ಕಂಡರಾಗದವರೂ ಹೇಳುತ್ತಾರೆ. ಸೋಮವಾರವಿಡೀ ಕಟ್ಟೆಯ ಮೇಲೆ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತ ಕಿಟಕಿಯಲ್ಲಿ ಕೂತಿದ್ದೆ, ಮಧ್ಯಾಹ್ನ ಗುಳಪ್ಪ ಬರಿಗೈಲಿ ಹೋದ, ತಾಸಿನ ಮೇಲೆ ಹೆಗಲ ಮೇಲೆ ಹಾರೆ ಹೊತ್ತು ಬಂದ, ಕೈತುಂಬ ಸುಣ್ಣ ಇತ್ತು ಎಂದು ಅವಳು ಸಾಕ್ಷಿ ಹೇಳಿದಳು. ಹೇಳುವಾಗ ಅವಳಿಗೆ ಖುಷಿ ಇರಲಿಲ್ಲ. ಗುಳಪ್ಪ ಅವಳ ಗಿರಾಕಿ. ಆಗಸ್ಟಿನಲ್ಲಿ ತೀರ್ಪು ಬಂತು, ಅಕ್ಟೋಬರ್ ಐದರ ಸೋಮವಾರ ಗಲ್ಲು ಎಂದು ಗೊತ್ತಾಯಿತು. 'ಕಣ್ಣಾರೆ ಕಂಡ ಸಾಕ್ಷಿ' ಎಂಬ ತಲೆಬರಹ ಹಾಕಿದವಳು ನಾನೇ.

ಆ ಓಣಿಯಲ್ಲಿ ಆಗ ಇನ್ನೊಂದು ಸಂಗತಿ ನಡೆದಿತ್ತು. ಸುದ್ದಿಯಾಗುವಂಥದ್ದಲ್ಲವೆಂದು ನಾನು ಬರೆದಿರಲಿಲ್ಲ. ಸಾವಂತ್ರವ್ವನ ಪಕ್ಕದ ಮನೆಯ ಖಾತೂನಬಿ ಮಾರ್ಚಿನಿಂದ ಅವಳೊಂದಿಗೆ ಮಾತು ಬಿಟ್ಟಿದ್ದಳು. ನಲವತ್ತು ವರ್ಷದ ಗೆಳೆತನ. ಸಾವಂತ್ರವ್ವ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ "ಚಹಾ ಆತೇನಬೇ?" ಎಂದು ಕೇಳುವಳು, ಖಾತೂನಬಿ ಪಾತ್ರೆಗಳನ್ನು ಕುಕ್ಕಿ ಒಳಗೆ ಹೋಗುವಳು. ನಾನೇನು ಮಾಡಿದೆನೆಂದು ಸಾವಂತ್ರವ್ವ ಊರೆಲ್ಲ ಕೇಳಿಕೊಂಡು ತಿರುಗಿದಳು. ಏನೂ ಆಗದವಳ ಹಾಗೆ ಚಹಾ ಕೇಳುತ್ತಾಳಲ್ಲ, ಎಷ್ಟು ಸೊಕ್ಕು ಎಂದು ಖಾತೂನಬಿ ಊರೆಲ್ಲ ಹೇಳಿಕೊಂಡು ತಿರುಗಿದಳು.

ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಮಂಗಳವಾರ ಬೆಳಿಗ್ಗೆ ನಾನು ಕರಿಬಸಪ್ಪನ ಅಂಗಡಿಗೆ ಹೋದೆ. ಅವನು ಹೊರಬಂದು ಆರು ತಿಂಗಳು ದಾಟಿತ್ತು, ಹೇಗಿದ್ದಾನೆಂದು ಒಂದು ಬರಹ ಮಾಡುವುದಿತ್ತು. 2,940 ತೆರೆದಿದ್ದೇನೆ, 347 ಉಳಿದಿವೆ ಎಂದ. ನಾನು ಲೆಕ್ಕ ಹಾಕಿ ನೋಡಿದೆ, ಸರಿಯಿತ್ತು. ಚಹಾ ಕುಡಿಯುತ್ತ ಆ ದಿನದ ಮೊದಲ ಡಬ್ಬಿ ತೆರೆದ. ತೆರೆದವನೇ ಬಲಗಾಲನ್ನು ಸರಕ್ಕನೆ ಮೇಲಕ್ಕೆಳೆದುಕೊಂಡ.

"ಹಾಳಾದ್ದು, ಗಂಜಿ ಚೆಲ್ಲಿ ಕಾಲು ಸುಟ್ಟೈತಿ," ಎಂದ. "ಯಾರೋ ಜಿಪುಣರು ಕೊಟ್ಟಾರ ನೋಡ್ ಪೇಪರಕ್ಕ. ನಕ್ಕಿದ್ದು ಒಮ್ಮೆನೂ ಇಲ್ಲ."

ಆಮೇಲೆ ಅವನು ಎಂದಿನಂತೆ ಕಣ್ಣು ಮುಚ್ಚಿ ದಿನವನ್ನು ಸಾವಕಾಶವಾಗಿ ನೋಡತೊಡಗಿದ. ನೋಡುತ್ತ ನೋಡುತ್ತ ಮುಖದ ನಗೆ ಹೋಯಿತು. ಚಹಾದ ಲೋಟವನ್ನು ಕೆಳಗಿಟ್ಟ. ಕಿಟಕಿ, ಕಟ್ಟೆಯ ಮೇಲೆ ಸಂಡಿಗೆ, ಆಚೆ ಸುಣ್ಣದ ಭಟ್ಟಿಯ ಹೊಗೆ ಎಂದಷ್ಟೇ ಹೇಳಿ ಬಾಯಿ ಮುಚ್ಚಿದ. ನಾನು ಡಬ್ಬಿಯನ್ನು ಎತ್ತಿ ಚೀಟಿ ಓದಿದೆ. ಸೋಮವಾರ, ಮಾರ್ಚ್ 9, ಪಾಂಡುರಂಗರಾಯರ ಅಕ್ಷರ.

ಆಗ ನನಗೆ ಒಂದು ಸಂಗತಿ ಹೊಳೆಯಿತು. ಸೋಮವಾರವಿಡೀ ಕಿಟಕಿಯಲ್ಲಿ ಕೂತಿದ್ದೆ ಎಂದ ಸಾವಂತ್ರವ್ವ, ಬೆಳಿಗ್ಗೆ ಹತ್ತಕ್ಕೆ ಭಟ್ಟಿಗೆ ಹೊರಟ ರಾಚೋಟಪ್ಪನವರನ್ನು ನೋಡಿದೆ ಎಂದು ಹೇಳಿರಲೇ ಇಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಸರ್ಕಾರಿ ವಕೀಲರು ಕೇಳಲಿಲ್ಲ, ಗುಳಪ್ಪನ ವಕೀಲರು ಕೇಳಲಿಲ್ಲ, ನಾಲ್ಕು ಕಾಲಂ ಬರೆದ ನಾನೂ ಕೇಳಲಿಲ್ಲ. ಕೋಳಿ ಕಾಣೆಯಾದ ಸುದ್ದಿಗೆ ಹತ್ತು ಪ್ರಶ್ನೆ ಕೇಳುವವಳು ನಾನು.

ಕರಿಬಸಪ್ಪ ಬಹಳ ಹೊತ್ತು ಒಂದು ತಟ್ಟೆಯನ್ನು ಉಜ್ಜಿದ. ಕೋರ್ಟಿನಲ್ಲಿ ಹೇಳಿದರೆ ಹೆಸರು ಹೇಳಲೇಬೇಕು, ಹೆಸರು ಹೇಳಿದರೆ ಉಳಿದ 346 ದಿನ ಹೋಗುತ್ತವೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಒಂದು ವರ್ಷಕ್ಕೆ ಹತ್ತೊಂಬತ್ತು ದಿನ ಕಡಿಮೆ. ನಾನು ಏನನ್ನೂ ಹೇಳಿಕೊಡಲಿಲ್ಲ. ಕೊನೆಗೆ ಅವನೇ ತಟ್ಟೆಯನ್ನು ಬಿಸಿಲಿಗೆ ಹಿಡಿದು ಹೊಳಪು ನೋಡುತ್ತ, "ಹನ್ನೊಂದು ಸಲ ಮದುವಿ ಆಗೇನಿ, ಇನ್ನೆಷ್ಟು ಬೇಕ್ ಬಿಡ," ಎಂದ. ಸ್ವಲ್ಪ ತಡೆದು, "ಒಳಗ ಕೂತಾಗ ನಾನೂ ದಿನಾ ಹಿಂಗ ಅಂತಿದ್ದೆ, ಯಾರರೆ ಒಬ್ಬರು ನೋಡಿರ್ತಾರ ಅಂತ," ಎಂದ.

ಎರಡು ದಿನ ನಾನು ಮಾಡಿದ್ದು ನನ್ನ ಕೆಲಸ. ಡಬ್ಬಿಯ ದಿನದೊಳಗೆ ಹನ್ನೊಂದು ಗಂಟೆಗೆ ಹತ್ತಿ ಗಿರಣಿಯ ಸೈರನ್ ಎರಡು ಸಲ ಕೂಗಿತ್ತೆಂದು ಕರಿಬಸಪ್ಪ ಹೇಳಿದ್ದ. ಅವನು ಆಗ ಜೈಲಿನಲ್ಲಿದ್ದವನು, ಜೈಲಿರುವುದು ಊರಿನಿಂದ ಒಂಬತ್ತು ಮೈಲಿ ದೂರ. ನಮ್ಮ ಹಳೆಯ ಸಂಚಿಕೆ ತೆಗೆದು ನೋಡಿದೆ. ಮೂರನೆಯ ಪುಟದಲ್ಲಿ ನಾಲ್ಕು ಸಾಲು ಇತ್ತು: ಸೋಮವಾರ ಬೆಳಿಗ್ಗೆ ಗಿರಣಿಯ ಸೈರನ್ ಕೆಟ್ಟು ಎರಡು ಬಾರಿ ಕೂಗಿತು, ಕೆಲಸಗಾರರು ಊಟದ ಹೊತ್ತಾಯಿತೆಂದು ಹೊರಬಂದು ಮತ್ತೆ ಒಳಹೋದರು. ಭಟ್ಟಿಯ ಸುತ್ತ ನಡೆದು ನೋಡಿದೆ. ಹಳ್ಳದ ಕಡೆಯಿಂದಲೂ ಒಂದು ಕಾಲುದಾರಿ ಇತ್ತು. ಇರುವುದು ಒಂದೇ ದಾರಿ ಎಂದು ಪೊಲೀಸರು ಹೇಳಿದ್ದನ್ನು ನಾನು ಹಾಗೇ ಅಚ್ಚು ಹಾಕಿದ್ದೆ.

ಅಕ್ಟೋಬರ್ ಒಂದರ ಗುರುವಾರ, ಗುಳಪ್ಪನ ವಕೀಲರು ಹಾಕಿದ ಅರ್ಜಿಯ ವಿಚಾರಣೆಗೆ, ಕೋರ್ಟು ತುಂಬಿತ್ತು. ಗುಳಪ್ಪ ಕಟಕಟೆಯಲ್ಲಿ ನಿಂತಿದ್ದ. ಆರು ತಿಂಗಳಲ್ಲಿ ಅಂಗಿ ಅವನಿಗಿಂತ ದೊಡ್ಡದಾಗಿತ್ತು. ಕರಿಬಸಪ್ಪ ಎದ್ದು, ಮಾರ್ಚ್ ಒಂಬತ್ತರ ಸೋಮವಾರ ತನ್ನ ಹತ್ತಿರ ಇದೆ, ಅದು ಸಾವಂತ್ರವ್ವನದು ಎಂದು ಹೇಳಿದ. ಹೆಸರು ಬಂದ ಕೂಡಲೇ ಪಾಂಡುರಂಗರಾಯರು ನಿಟ್ಟುಸಿರು ಬಿಟ್ಟು, ಉಳಿದ ಡಬ್ಬಿಗಳನ್ನು ತರಲು ಜವಾನನನ್ನು ಕಳಿಸಿದರು. ನಿಯಮ ಎಂದರೆ ನಿಯಮ.

ಸರ್ಕಾರಿ ವಕೀಲರು ನಕ್ಕರು. ಇಂಥ ಸಾಕ್ಷಿ ಯಾವ ಕಾಯ್ದೆಯಲ್ಲೂ ಇಲ್ಲ, ಅದು ಸಾವಂತ್ರವ್ವನ ದಿನವೇ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಸಾವಂತ್ರವ್ವ ಮುಂದಿನ ಬೆಂಚಿನಲ್ಲಿದ್ದಳು. ನ್ಯಾಯಾಧೀಶರು ಕೇಳಿದಾಗ, ಮೂರು ದಿನ ಕೊಟ್ಟದ್ದು ಹೌದು, ಯಾವ ದಿನ ಕೊಟ್ಟೆನೋ ಹೇಗೆ ಹೇಳಲಿ, ಅದು ಹೋಗಿದೆಯಲ್ಲ ಎಂದಳು. ಅವಳ ಬಲಗಾಲಿನ ಮೇಲೆ ಸುಟ್ಟ ಕಲೆ ಇತ್ತು. ಅದು ಭಾನುವಾರ ಆದದ್ದಿರಬೇಕು, ಸೋಮವಾರ ಬೆಳಿಗ್ಗೆ ಎದ್ದಾಗಲೇ ಗುಳ್ಳೆ ಇತ್ತು ಎಂದಳು.

ಆಗ ಕರಿಬಸಪ್ಪ ದಿನವನ್ನು ಬೆಳಗಿನಿಂದ ಹೇಳತೊಡಗಿದ. ಕಾಲು ಸುಟ್ಟು ಕಿಟಕಿ ಬಿಟ್ಟು ಏಳಲಾಗದ್ದು. ಹತ್ತೂಕಾಲಕ್ಕೆ ರಾಚೋಟಪ್ಪ ಕೊಡೆ ಹಿಡಿದು ಭಟ್ಟಿಯ ಕಡೆ ಹೋದದ್ದು, ವಾಪಸ್ ಬಾರದ್ದು. ಎರಡು ಸಲ ಸೈರನ್. ಎರಡು ಕತ್ತೆ, ಒಬ್ಬ ಪೋಸ್ಟ್‌ಮನ್, ನಾಲ್ಕಕ್ಕೆ ಮಾಲೀಕರನ್ನು ಹುಡುಕಿ ಬಂದ ಆಳು. ಗುಳಪ್ಪ ಇಲ್ಲ. ಮಧ್ಯಾಹ್ನ ಪಕ್ಕದ ಮನೆಯಾಕೆ ಸಂತೆಗೆ ಹೋಗುವುದನ್ನು ಬಿಟ್ಟು ಲೋಳೆಸರ ತಂದು ಕಾಲಿಗೆ ಹಚ್ಚಿದ್ದು. ಹಚ್ಚುತ್ತಲೇ ಸಂಡಿಗೆ ಹಿಟ್ಟನ್ನು ಬೆರಳಿನಿಂದ ನೆಕ್ಕಿದ್ದು. ಇಲ್ಲಿ ಅವನು ತಡೆದ. ಆಕೆ ಅಂದ ಮಾತನ್ನು ಹೇಳಲೇಬೇಕೇ ಎಂದು ಕೇಳಿದ. ಹೇಳಲೇಬೇಕು ಎಂದರು ನ್ಯಾಯಾಧೀಶರು.

"'ಇಷ್ಟ್ ಜೀರಗಿ ಹಾಕತಿ, ನಿನ್ನ ಸಂಡಿಗಿ ತಿಂದೇ ನಿನ್ನ ಗಂಡ ಲಗೂನ ಹೋದ' ಅಂದ್ಲ್ರಿ. ನಾ, ಅಂದ್ರ ಈಕಿ, ಸೌಟು ತೊಗೊಂಡು ಹೊರಗ ಹಾಕಿದ್ಲು."

ಹಿಂದಿನ ಸಾಲಿನಲ್ಲಿ ಖಾತೂನಬಿ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಆ ಮಾತು ನಾವಿಬ್ಬರೇ ಇದ್ದಾಗ ಆಡಿದ್ದು, ಸೋಮವಾರದ ಸಂತೆ ತಪ್ಪಿಸಿಕೊಂಡು ಹೋಗಿದ್ದೆ, ತಮಾಷೆಗೆ ಅಂದದ್ದು, ಮೂರನೆಯವರಿಗೆ ಹೇಳಿಲ್ಲ ಎಂದಳು. ಸಾವಂತ್ರವ್ವ ನಿಧಾನವಾಗಿ ಹಿಂದೆ ತಿರುಗಿದಳು.

"ಹಂಗಂದ್ಯಾ ನೀ?"

"ಅಂದೆ. ನೀ ಮರತೀಯೇನ?"

"ಮರತಿಲ್ಲಬೇ. ಕೊಟ್ಟಬಿಟ್ಟೇನಿ."

ನ್ಯಾಯಾಧೀಶರೂ ನಕ್ಕರು ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಸಾವಂತ್ರವ್ವ ನಗಲಿಲ್ಲ. ತಾನು ಗುಳಪ್ಪನನ್ನು ಕಂಡದ್ದು ಮಂಗಳವಾರ ಎಂದು ಅವಳಿಗೆ ಆಗ ಅರ್ಥವಾಗಿತ್ತು. ಕೈ ಮುಗಿದು, ಕೆಟ್ಟ ದಿನವನ್ನು ಡಬ್ಬಿಗೆ ಹಾಕಿದ್ದು ತನ್ನ ತಪ್ಪು ಎಂದು ಕರಿಬಸಪ್ಪನಿಗೆ ಹೇಳಿದಳು. ದಿನ ಕಳೆದುಹೋಗಿಲ್ಲ, ಗಲ್ಲಿಗೆ ಮೊದಲೇ ಸಿಕ್ಕಿತಲ್ಲ ಎಂದು ಕರಿಬಸಪ್ಪ ಸಮಾಧಾನ ಮಾಡಿದ. ಆಮೇಲೆ ಅವಳು ನ್ಯಾಯಾಧೀಶರ ಕಡೆಗೆ ತಿರುಗಿ ಹೇಳಿದ ಮಾತನ್ನು ಒಂದು ಅಕ್ಷರವೂ ಬದಲಿಸದೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಹಾಕಿದೆವು.

"ನಾ ಸುಳ್ಳ ಹೇಳಿರ್ಲಿಲ್ರಿ ಸಾಹೇಬ್ರ. ಕಂಡದ್ದನ್ನ ಕಂಡಂಗ ಹೇಳಿದ್ದೆ. ಸುಳ್ಳಾದ್ರ ನೀವು ಹಿಡೀತಿದ್ರಿ. ಖರೇ ಹೇಳಿನೇ ಒಬ್ಬನ್ನ ಕೊಲ್ಲಾಕ ಹೊಂಟಿದ್ದೆ."

ಗುಳಪ್ಪನನ್ನು ಆ ಸಂಜೆಯೇ ಬಿಟ್ಟರು. ರಾಚೋಟಪ್ಪನವರನ್ನು ಕೊಂದವರು ಯಾರೆಂದು ಇದನ್ನು ಬರೆಯುವವರೆಗೂ ಗೊತ್ತಾಗಿಲ್ಲ. ಗೊತ್ತಾದರೆ ಬರೆಯುತ್ತೇನೆ, ಗೊತ್ತಾಗುವ ಮೊದಲು ಬರೆಯುವುದಿಲ್ಲ.

ಮುಂದಿನ ಭಾನುವಾರ ಪಂಚರ ಸಭೆ ಸೇರಿತು. ಗಲ್ಲು ಇರಬೇಕೋ ಬೇಡವೋ ಎಂದು ಮೂರು ತಾಸು ಚರ್ಚೆ ನಡೆಯಬಹುದೆಂದು ನಾನು ಎರಡು ನೋಟ್‌ಬುಕ್ ಒಯ್ದಿದ್ದೆ. ಇನ್ನಷ್ಟು ಜಾಗ್ರತೆ ವಹಿಸೋಣ ಎಂದು ಒಬ್ಬರು ಶುರು ಮಾಡಿದರು. ಪಾಂಡುರಂಗರಾಯರು, ಸಭೆಯಲ್ಲಿ ಎಂದೂ ಬಾಯಿ ತೆರೆಯದವರು, ಎದ್ದು ಹಿಂದಿನ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟರು. ಡಬ್ಬಿಗಳಿಗೆ ತುಕ್ಕು ಹಿಡಿಯುತ್ತಿದೆ, ಇನ್ನೊಂದು ರಾಶಿಗೆ ಅಲ್ಲಿ ಜಾಗ ಇಲ್ಲ ಎಂದಷ್ಟೇ ಹೇಳಿ ಕೂತರು. ಏಳು ಪಂಚರಲ್ಲಿ ಆರು ಜನ ಗಲ್ಲು ಬೇಡವೆಂದು ಕೈ ಎತ್ತಿದರು. ಏಳನೆಯವರು ನಿದ್ದೆ ಮಾಡುತ್ತಿದ್ದರು, ಎಬ್ಬಿಸಿ ವಿಷಯ ಹೇಳಿದ ಮೇಲೆ, ಅದನ್ನು ಇನ್ನೂ ತೆಗೆದಿಲ್ಲವೇ ಎಂದು ಕೇಳಿ ಅವರೂ ಎತ್ತಿದರು. ಗಲ್ಲಿನ ಮರವನ್ನು ಸೀಳಿ ಹಲಗೆ ಮಾಡಿ ಹಿಂದಿನ ಕೋಣೆಗೆ ಕಪಾಟು ಹೊಡೆಸಿದ್ದಾರೆ. ಮಲಕಾಜಪ್ಪನ ದಿನಗಳು ಈಗ ನೆಲದ ಮೇಲಿಲ್ಲ.

ಆ ವಾರದ 'ನಮ್ಮ ತಪ್ಪು' ಅಂಕಣ ಎಂದಿಗಿಂತ ಉದ್ದವಾಯಿತು. ಭಟ್ಟಿಗೆ ದಾರಿ ಎರಡು, ಒಂದಲ್ಲ. ಸಾಕ್ಷಿ ಕಣ್ಣಾರೆ ಕಂಡದ್ದು ಮಂಗಳವಾರ, ಸೋಮವಾರವಲ್ಲ. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ವರದಿಗಾರ್ತಿ ಕೇಳಲಿಲ್ಲ.

ಗುಳಪ್ಪನಿಗೆ ಊರು ಕೊಡಬೇಕಾದದ್ದು 183 ದಿನ. ಮನೆಗೆ ಮೂರರಂತೆ ಅರವತ್ತೊಂದು ಮನೆ ಸಾಕಿತ್ತು, ಚೀಟಿ ಎತ್ತಿ ಹೆಸರು ತೆಗೆದರು. ಚೀಟಿಯಲ್ಲಿ ಹೆಸರು ಬಾರದವರೂ ಬಂದು ಜಗಲಿಯ ಮೇಲೆ ಸಾಲು ನಿಂತರು, ಮತ್ತು ಈ ಸಲ ಜನ ಒಳ್ಳೆಯ ದಿನಗಳನ್ನೇ ತಂದರೆಂದು ಪಾಂಡುರಂಗರಾಯರು ಹೇಳುತ್ತಾರೆ. ಜಗಲಿಯೆಲ್ಲ ಮಲ್ಲಿಗೆ, ಬೆಲ್ಲ, ಹೊಸ ಬಟ್ಟೆಯ ವಾಸನೆ. ಸಾವಂತ್ರವ್ವ ಮತ್ತು ಖಾತೂನಬಿ ಜೊತೆಯಾಗಿ ಬಂದು, ಯಾವ ದಿನ ಕೊಡಬೇಕೆಂದು ಸಾಲಿನಲ್ಲೇ ಜಗಳವಾಡಿದರು. ಕೋರ್ಟು ಹಿಂತೆಗೆದುಕೊಂಡಿದ್ದ ಕರಿಬಸಪ್ಪನ 346 ಡಬ್ಬಿಗಳು ಮಾತ್ರ ಜಗಲಿಯ ಮೂಲೆಯಲ್ಲಿದ್ದವು. ಅವನ್ನು ಅವನಿಗೆ ವಾಪಸ್ ಕೊಡುವಂತಿಲ್ಲ. ಆದರೆ ದಿನಾ ಸಂಜೆ ಯಾರಾದರೂ ಮರೆತವರ ಹಾಗೆ ಒಂದೆರಡನ್ನು ಅವನ ಅಂಗಡಿಯ ಮುಂದೆ ಬಿಟ್ಟು ಹೋಗುತ್ತಿದ್ದರು. ಪಾಂಡುರಂಗರಾಯರಿಗೆ ಸಂಜೆ ಹೊತ್ತು ಕಣ್ಣು ಸರಿಯಾಗಿ ಕಾಣುವುದಿಲ್ಲ.

ಚೀಟಿಯಲ್ಲಿ ಕರಿಬಸಪ್ಪನ ಮನೆಯ ಹೆಸರೂ ಬಂದಿತ್ತು. ಅವನು ಕೊಟ್ಟ ಮೂರರಲ್ಲಿ ಒಂದು ಆ ಸೋಮವಾರ. ಸಾಕ್ಷಿ ನುಡಿದು ಆಯಿತು, ಇನ್ನು ಅದು ಇರಬೇಕಾದ ಜಾಗ ಬೇರೆ ಎಂದು ನನ್ನೊಂದಿಗೆ ಹೇಳಿ ಮುಚ್ಚಳ ಒತ್ತಿದ. ಒತ್ತಿದ ಮೇಲೆ ಬಲಗಾಲನ್ನು ಕೊಡವಿ, ಏನೋ ಹಗುರಾಯಿತಲ್ಲ ಎಂದು ಆಶ್ಚರ್ಯಪಟ್ಟ.

ಒಂದು ವಾರದ ಮೇಲೆ ಗುಳಪ್ಪ ಸಿಕ್ಕಿದ. ಓಣಿಯ ಕಟ್ಟೆಯ ಮೇಲೆ ಕೂತು ಸಾವಂತ್ರವ್ವನ ಸಂಡಿಗೆಗೆ ಕಾಗೆ ಕಾಯುತ್ತಿದ್ದ. ಅಂಗಿ ಮತ್ತೆ ಮೈಗೆ ಸರಿಯಾಗುತ್ತ ಬಂದಿತ್ತು. ಡಬ್ಬಿಗಳು ಹೇಗಿವೆ ಎಂದು ಕೇಳಿದೆ. ಒಳ್ಳೊಳ್ಳೇ ದಿನಗಳು ಬಂದಿವೆ, ಒಂದರಲ್ಲಿ ಆನೆಯನ್ನೂ ಹತ್ತಿದೆ ಎಂದ. ಆಮೇಲೆ ದನಿ ತಗ್ಗಿಸಿ, ಆ ಸೋಮವಾರವನ್ನೂ ತೆರೆದೆ ಎಂದ.

"ಮುಂಜಾನಿಂದ ಸಂಜಿ ತನಕಾ ಕಿಟಕ್ಯಾಗ ಕೂತು ನೋಡಿದೆ ಪೇಪರಕ್ಕ. ಕಾಲು ಭಾಳ ಉರೀತು. ಏನಾರ ಆಗ್ಲಿ ಅಂತ ಕಣ್ಣು ತೆಗಿಲಿಲ್ಲ." ಅವನು ಒಂದು ಕಾಗೆಯನ್ನು ಓಡಿಸಿದ. "ನಾ ಬರ್ಲೇ ಇಲ್ಲ."